ಬಟ್ಟೆ ಡೈಪರ್ ಕೆಡುವುದು ಬಚ್ಚಲಲ್ಲಿ

ಮಾನ್ಯ ಸಂಪಾದಕರೇ,

ಮಗುವಿಗೆ ಬಟ್ಟೆ ಡೈಪರೋ, ಬಿಸಾಡುವ ಡೈಪರೋ ಎಂಬ ಚರ್ಚೆ ಹೆಚ್ಚಾಗಿ ಬೆಲೆಯಲ್ಲೇ ಮುಗಿಯುತ್ತದೆ. ದಿನಕ್ಕೆ 6, ಒಂದಕ್ಕೆ 10 ರೂಪಾಯಿ ಹಿಡಿದರೂ ತಿಂಗಳಿಗೆ 1,800 ರೂಪಾಯಿ. ಲೆಕ್ಕ ಸರಿಯೇ. ಆದರೆ ಆಸೆಯಿಂದ ತಂದ ಬಟ್ಟೆ ಡೈಪರುಗಳು ಮೂಲೆ ಸೇರುವುದು ಒಗೆಯುವ ಕ್ರಮ ತಪ್ಪಿ. ಅದನ್ನು ಬಾಣಂತಿಯರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ.

ಬಟ್ಟೆ ಡೈಪರಿನ ಒಳಗಿಡುವ ಹೊಸ ಹತ್ತಿ ಪ್ಯಾಡಿನಲ್ಲಿ ಎಣ್ಣೆಯಂಶ ಇರುವುದರಿಂದ ನಾಲ್ಕೈದು ಸಲ ಒಗೆದು ಒಣಗಿಸಿದ ಮೇಲಷ್ಟೇ ಅದು ಚೆನ್ನಾಗಿ ಹೀರುತ್ತದೆ. ಮೊದಲ ದಿನ ಸೋರಿತೆಂದು ಎತ್ತಿಡಬೇಡಿ. ಬಳಸಿದ್ದರಲ್ಲಿನ ಮಲವನ್ನು ಶೌಚಾಲಯಕ್ಕೆ ಹಾಕಿ, ತಣ್ಣೀರಲ್ಲಿ ಜಾಲಿಸಿ, ಒಗೆಯುವ ತನಕ ಗಾಳಿಯಾಡುವ ಬುಟ್ಟಿಯಲ್ಲಿಡಿ. ರಾತ್ರಿಯಿಡೀ ಬಕೆಟ್ಟಿನಲ್ಲಿ ನೆನೆಹಾಕಿದರೆ ನೀರು ಕೊಳೆಯುತ್ತದೆ, ಹೊರಕವಚದ ನೀರು ತಡೆಯುವ ಪದರವೂ ಬಿಟ್ಟುಕೊಳ್ಳುತ್ತದೆ. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ತುಂಬಿದ ಬಕೆಟ್ಟೇ ಅಪಾಯ. ಪ್ಯಾಡಿಗೆ 60 ಡಿಗ್ರಿ ಬಿಸಿನೀರು, ಕವಚಕ್ಕೆ 40 ಸಾಕು. ಬಟ್ಟೆ ಮೆದುವಾಗಿಸುವ ಫ್ಯಾಬ್ರಿಕ್ ಕಂಡೀಷನರ್ ಖಂಡಿತ ಬೇಡ, ಅದು ಎಳೆಗಳಿಗೆ ಜಿಡ್ಡು ಮೆತ್ತಿ ಹೀರುವ ಗುಣವನ್ನೇ ಕೊಲ್ಲುತ್ತದೆ.

ಎಳೆ ಚರ್ಮವೆಂದು ಸೋಪಿನ ಪುಡಿಯಲ್ಲಿ ಜಿಪುಣತನ ಮಾಡುವುದು ಇನ್ನೊಂದು ತಪ್ಪು. ಉಚ್ಚೆಯ ಅಂಶ ಉಳಿದು, ಮತ್ತೆ ಒದ್ದೆಯಾದ ಕೂಡಲೇ ಕಣ್ಣುರಿಸುವ ಅಮೋನಿಯಾ ವಾಸನೆ ಏಳುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಂತೂ ಪುಡಿಯ ಒಂದು ಪಾಲು ಆ ಗಡಸುತನಕ್ಕೇ ಖರ್ಚಾಗುತ್ತದೆ. ಪುಡಿ ತುಸು ಹೆಚ್ಚಿರಲಿ, ನೊರೆ ಪೂರ್ತಿ ಹೋಗುವಷ್ಟು ಜಾಲಿಸಿ.

ಮಲೆನಾಡಿನ ಮಳೆಗಾಲದಲ್ಲಿ ದಪ್ಪ ಪ್ಯಾಡ್ ಎರಡು ದಿನವಾದರೂ ಒಣಗದು. ಹಳೆ ಪಂಚೆ, ಹತ್ತಿ ಸೀರೆ ಹರಿದು ಮಾಡಿದ ಚೌಕಗಳೇ ಆಗ ಮೇಲು. ಮಡಿಸಿದರೆ ಪ್ಯಾಡ್, ಬಿಡಿಸಿ ಹರವಿದರೆ ಒಂದೇ ಪದರ. ಎಳೆಗೂಸಿಗೆ ಇಂಥವು 30 ಬೇಕು. ಅವೂ ಒಣಗದ ದಿನ ಹಸಿ ಬಟ್ಟೆ ಸುತ್ತುವ ಬದಲು ಬಿಸಾಡುವ ಡೈಪರ್ ಹಾಕಿ. ರಾತ್ರಿಗೆ, ಪ್ರಯಾಣಕ್ಕೂ ಅದೇ ಅನುಕೂಲ. ಆದರೆ ಹಗಲು 3–4 ಗಂಟೆಗೊಮ್ಮೆ, ಮಲವಾದರೆ ತಕ್ಷಣ ಬದಲಿಸಲೇಬೇಕು. ಮಲದ ಕಿಣ್ವಗಳು ಉಚ್ಚೆಯೊಡನೆ ಸೇರಿ ಚರ್ಮವನ್ನು ಸುಡುತ್ತವೆ. ತೊಡೆಸಂದಿಯ ಮಡಿಕೆಯೊಳಗೂ ಕೆಂಪಾಗಿ, ಸುತ್ತ ಸಣ್ಣ ಚುಕ್ಕೆಗಳೆದ್ದರೆ ಅದು ಶಿಲೀಂಧ್ರದ ಸೋಂಕಿರಬಹುದು, ವೈದ್ಯರಿಗೆ ತೋರಿಸಿ. ಪೌಡರ್ ಸುರಿಯಬೇಡಿ.

ಬಳಸಿದ ಡೈಪರನ್ನು ಹಸಿ ಕಸಕ್ಕೆ ಹಾಕುವವರೂ ಇದ್ದಾರೆ. ಅದರ ಪ್ಲಾಸ್ಟಿಕ್ ಮತ್ತು ಹೀರುವ ಹರಳುಗಳು ಗೊಬ್ಬರವನ್ನು ಕೆಡಿಸುತ್ತವೆ, ಬಿಡಿಸುವ ಕೆಲಸ ಪೌರಕಾರ್ಮಿಕರ ಕೈಗೆ ಬೀಳುತ್ತದೆ. ಮಲವನ್ನು ಶೌಚಾಲಯಕ್ಕೆ ಉದುರಿಸಿ, ಡೈಪರ್ ಸುತ್ತಿ, ಅದರದೇ ಅಂಟುಪಟ್ಟಿಯಿಂದ ಬಿಗಿದು, ಕಾಗದದಲ್ಲಿ ಕಟ್ಟಿ ಪ್ರತ್ಯೇಕವಾಗಿ ಕೊಡಬೇಕು. ಪೂರ್ತಿ ಮರುಬಳಕೆ ಮಾಡಬಹುದಾದ ವಸ್ತುಗಳಿಂದ ಡೈಪರ್ ಮಾಡುವ ದಾರಿ ಹುಡುಕಿ, ಇಲ್ಲವೇ ಪ್ರತಿಯೊಂದಕ್ಕೂ ಸುತ್ತುವ ಚೀಲ ಕೊಡಿ ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಕಂಪನಿಗಳಿಗೆ ಹೇಳಿದ್ದವು. ಪೊಟ್ಟಣದಲ್ಲಿ ಆ ಚೀಲ ಇದೆಯೇ ಎಂದು ಅಧಿಕಾರಿಗಳು ಅಂಗಡಿಗಳಲ್ಲಿ ಪರಿಶೀಲಿಸಲಿ. ಸುತ್ತಿ ಕೊಟ್ಟದ್ದನ್ನು ಪ್ರತ್ಯೇಕವಾಗಿಯೇ ಒಯ್ಯುವ ಏರ್ಪಾಡನ್ನು ಗ್ರಾಮ ಪಂಚಾಯಿತಿಗಳೂ ಮಾಡಲಿ.

– ಶಿಶು ವಿಭಾಗದ ಶುಶ್ರೂಷಾಧಿಕಾರಿ, ಶಿವಮೊಗ್ಗ