ಸಭೆಯೊಳಗೆ ಸ್ತ್ರೀ ಪುರುಷರ ಸ್ನೇಹಕ್ಕೆ ಬೇಲಿ ಏಕೆ?

ಮಾನ್ಯ ಸಂಪಾದಕರೇ,

ನಾನು ಇಪ್ಪತ್ತೆರಡು ವರ್ಷಗಳಿಂದ ಸಂಡೇ ಸ್ಕೂಲ್ ಶಿಕ್ಷಕಿಯಾಗಿ, ಆರು ವರ್ಷಗಳಿಂದ ಖಜಾಂಚಿಯಾಗಿಯೂ ಸೇವೆ ಮಾಡುತ್ತಿರುವ ಪ್ರೊಟೆಸ್ಟೆಂಟ್ ಸಭೆಯಲ್ಲಿ (ಚರ್ಚಿನಲ್ಲಿ) ಈ ವರ್ಷ ಒಂದು ನಿಯಮ ಜಾರಿಗೆ ಬಂದಿದೆ. ಸಮಿತಿಯ ಸ್ತ್ರೀ ಸದಸ್ಯರೂ ಪುರುಷ ಸದಸ್ಯರೂ ಮೂರನೆಯವರಿಲ್ಲದೆ ಕುಳಿತು ಮಾತನಾಡಬಾರದು; ಫೋನಿನಲ್ಲಿ ಮಾತನಾಡಬೇಕಿದ್ದರೂ ಮನೆಯವರ ಮೂಲಕವೇ ಆಗಬೇಕು. ಕಾರಣ ಕೇಳಿದವರಿಗೆ ‘ಇದು ಹಿರಿಯರು ನಡೆಸಿಕೊಂಡು ಬಂದ ಪದ್ಧತಿ’ ಎಂಬ ಉತ್ತರ ದೊರೆಯಿತು.

ಈ ಪದ್ಧತಿ ಅಷ್ಟೇನೂ ಹಳೆಯದಲ್ಲ. 1948ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಎಂಬ ಊರಿನಲ್ಲಿ ಕ್ರೈಸ್ತ ಧರ್ಮಪ್ರಚಾರಕ (ಸುವಾರ್ತಿಕ) ಬಿಲ್ಲಿ ಗ್ರಹಾಂ ಮತ್ತು ಅವರ ಸಂಗಡಿಗರು, ವರ್ಷವಿಡೀ ಮನೆ ಬಿಟ್ಟು ಊರೂರು ಸುತ್ತುವ ತಮ್ಮ ತಂಡಕ್ಕೆಂದು ಕೆಲವು ಕಟ್ಟುಪಾಡುಗಳನ್ನು ಮಾಡಿಕೊಂಡರು. ಪತ್ನಿಯಲ್ಲದ ಸ್ತ್ರೀಯೊಂದಿಗೆ ಒಂಟಿಯಾಗಿ ಊಟ, ಪ್ರಯಾಣ, ಭೇಟಿ ಬೇಡವೆಂಬುದು ಅವುಗಳಲ್ಲಿ ಒಂದು. ಹಣದ ವಿಷಯದಲ್ಲಿ ಪಾರದರ್ಶಕವಾಗಿರಬೇಕು, ಕೂಡಿದ ಜನರ ಸಂಖ್ಯೆಯನ್ನು ಉಬ್ಬಿಸಿ ಹೇಳಬಾರದು, ಸ್ಥಳೀಯ ಸಭೆಗಳನ್ನು ನಿಂದಿಸಬಾರದು ಎಂಬವು ಉಳಿದವು. ಈ ಮೂರನ್ನು ನಮ್ಮಲ್ಲಿ ಯಾರೂ ಇಷ್ಟು ಉತ್ಸಾಹದಿಂದ ಆಮದು ಮಾಡಿಕೊಂಡದ್ದನ್ನು, ಖಜಾಂಚಿಯಾಗಿ, ನಾನು ಕಂಡಿಲ್ಲ.

ನಿಜವಾದ ಹಿರಿಯರ ಬದುಕು ಬೇರೆಯೇ ಆಗಿತ್ತು. ಕ್ರಿಸ್ತನು ಬಾವಿಯ ಬಳಿ ಸಮಾರ್ಯದ ಸ್ತ್ರೀಯೊಂದಿಗೆ ಒಬ್ಬನೇ ಮಾತನಾಡುತ್ತಿದ್ದುದನ್ನು ಕಂಡು ಶಿಷ್ಯರು ಬೆರಗಾದರೂ, ಏಕೆಂದು ಒಬ್ಬರೂ ಕೇಳಲಿಲ್ಲ ಎಂದು ಯೋಹಾನನು ತನ್ನ ಸುವಾರ್ತೆಯಲ್ಲಿ ಬರೆಯುತ್ತಾನೆ. ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ಫೊಯಿಬೆ ಎಂಬ ಸಭಾಸೇವಕಿಯನ್ನು ಶಿಫಾರಸು ಮಾಡುತ್ತಾನೆ, ಪ್ರಿಸ್ಕಿಲ್ಲಳ ಹೆಸರನ್ನು ಅವಳ ಗಂಡ ಅಕ್ವಿಲನ ಹೆಸರಿಗಿಂತ ಮೊದಲು ಬರೆಯುತ್ತಾನೆ, ರೂಫನ ತಾಯಿಯನ್ನು ತನಗೂ ತಾಯಿ ಎನ್ನುತ್ತಾನೆ. ನಾಲ್ಕನೆಯ ಶತಮಾನದಲ್ಲಿ ಸತ್ಯವೇದವನ್ನು (ಬೈಬಲನ್ನು) ಲ್ಯಾಟಿನ್ ಭಾಷೆಗೆ ತಂದ ಜೆರೋಮನು ಪೌಲಾ ಎಂಬ ವಿಧವೆಯ ಸ್ನೇಹದಿಂದಾಗಿ ರೋಮಿನಲ್ಲಿ ಅಪವಾದ ಹೊತ್ತು, 385ರಲ್ಲಿ ಆ ನಗರವನ್ನೇ ಬಿಟ್ಟ. ಆದರೂ ಸ್ನೇಹ ಕಡಿಯಲಿಲ್ಲ. ಅವಳೂ ಮಗಳೊಂದಿಗೆ ಹೊರಟುಬಂದಳು. ಬೇತ್ಲೆಹೇಮಿನಲ್ಲಿ ಅವಳ ಹಣದಿಂದ ಮಠಗಳು ಎದ್ದವು. ಅವಳು ಹೀಬ್ರೂ ಕಲಿತು ಕೀರ್ತನೆಗಳನ್ನು ಆ ಭಾಷೆಯಲ್ಲೇ ಹಾಡುತ್ತಿದ್ದಳು. ಅವನು ಹಲವು ವ್ಯಾಖ್ಯಾನಗಳನ್ನು ತಾಯಿ ಮಗಳಿಬ್ಬರಿಗೂ ಅರ್ಪಿಸಿದ. ಊರಿನ ಬಾಯಿಗೆ ಹೆದರಿ ಅವರಿಬ್ಬರೂ ಮಾತು ಬಿಟ್ಟಿದ್ದರೆ ನಷ್ಟ ಯಾರದಾಗುತ್ತಿತ್ತು?

ನಮ್ಮಲ್ಲಿ ನಷ್ಟ ಯಾರದೆಂಬುದು ಈಗಾಗಲೇ ಗೊತ್ತಾಗಿದೆ. ಆರಾಧನೆ ಮುಗಿದ ಮೇಲೆ ಸಭಾಪಾಲಕರೂ ಪುರುಷ ಸದಸ್ಯರೂ ಚಹಾ ಕುಡಿಯುತ್ತ ಮಾತನಾಡಿ ಮುಗಿಸಿದ ಕಟ್ಟಡದ ದುರಸ್ತಿಯ ಗುತ್ತಿಗೆ ನನ್ನ ಮುಂದೆ ಸಹಿಗಾಗಿ ಮಾತ್ರ ಬಂದಿತು. ಹದಿನೈದು ವರ್ಷಗಳಿಂದ ಗಾಯನ ತಂಡದಲ್ಲಿ ಜೊತೆಗೆ ಹಾಡಿದ, ನನ್ನ ಪತಿ ತೀರಿಕೊಂಡಾಗ ಮೂರು ತಿಂಗಳು ಬ್ಯಾಂಕಿನ ಕಾಗದಪತ್ರಗಳಿಗಾಗಿ ನನ್ನೊಂದಿಗೆ ಓಡಾಡಿದ ಹಿರಿಯ ಗೆಳೆಯರೊಬ್ಬರು ಈಗ ನನ್ನನ್ನು ಕಂಡರೆ ಕೈಮುಗಿದು ದೂರದಿಂದಲೇ ಹೋಗುತ್ತಾರೆ. ಅವರಿಗೂ ಇದರಿಂದ ಸಂಕಟವಾಗಿದೆ ಎಂದು ಅವರ ಪತ್ನಿಯೇ ನನ್ನಲ್ಲಿ ಹೇಳಿಕೊಂಡರು. 2013ರಲ್ಲಿ ದಕ್ಷಿಣ ಭಾರತ ಸಭೆಯ (ಸಿಎಸ್‌ಐ) ಆಂಧ್ರದ ನಂದ್ಯಾಲ ಧರ್ಮಪ್ರಾಂತ್ಯಕ್ಕೆ ಎಗ್ಗೋನಿ ಪುಷ್ಪಲಲಿತಾ ಅವರು ಬಿಷಪ್ ಆದರು. ನಮ್ಮ ನಿಯಮವನ್ನು ಅಲ್ಲಿ ಅನ್ವಯಿಸಿದ್ದರೆ ಅಲ್ಲಿಯ ಪಾದ್ರಿಗಳು ತಮ್ಮ ಬಿಷಪ್ಪರೊಂದಿಗೆ ಯಾವ ಗುಟ್ಟಿನ ಕಷ್ಟವನ್ನೂ ಹೇಳಿಕೊಳ್ಳುವಂತಿರಲಿಲ್ಲ.

ಸಭೆಗಳಲ್ಲಿ ಸ್ತ್ರೀಯರ ಮೇಲೆ ದೌರ್ಜನ್ಯ ನಡೆದದ್ದುಂಟು, ಅದನ್ನು ಮುಚ್ಚಿಟ್ಟದ್ದೂ ಉಂಟು. ನಿಯಮ ತಂದವರ ಮನಸ್ಸಿನಲ್ಲಿ ಆ ಭಯವಿದ್ದರೆ ಅದು ನ್ಯಾಯವಾದದ್ದೇ. ಆದರೆ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯು ಹತ್ತು ಅಥವಾ ಹೆಚ್ಚು ನೌಕರರಿರುವ ಕೆಲಸದ ಸ್ಥಳಗಳಿಗೆ ಕಡ್ಡಾಯ ಮಾಡಿರುವ ದೂರು ಸಮಿತಿಯಂಥದನ್ನು ನಮ್ಮಂಥ ಸಣ್ಣ ಸಭೆಯೂ ತಾನಾಗಿಯೇ ಮಾಡಿಕೊಳ್ಳಬಹುದು, ಸಮಾಲೋಚನೆಯ ಕೋಣೆಯ ಬಾಗಿಲಿಗೆ ಗಾಜು ಹಾಕಿಸಬಹುದು. ಈ ಎರಡೂ ಸಲಹೆಗಳನ್ನು ಸಮಿತಿಯ ಮುಂದಿನ ಬೈಠಕಿನ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಕಾರ್ಯದರ್ಶಿಯವರಿಗೆ ಪತ್ರ ಬರೆದಿದ್ದೇನೆ. ನಿಯಮದಂತೆ ಅದನ್ನು ಅವರ ಪತ್ನಿಯ ಕೈಗೆ ಕೊಟ್ಟು ಬಂದೆ.

ಇಂತಿ,
ಸಭೆಯ ಸದಸ್ಯೆ, ಧಾರವಾಡ