ಪುಸ್ತಕದಾಗ ಇಲ್ಲದ ಜರ್ಮನ್

ಮ್ಯೂನಿಕ್, ಭಾನುವಾರ ಸಂಜಿ

ಅಕ್ಕಾ,

ನಾ ಇಲ್ಲೆ ಆರಾಮ ಅದೀನಿ. ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ ಮೊನ್ನೆ ಮುಗೀತು. ಡಬ್ಬಿ ತಳಾ ಕೆರದು ಬ್ರೆಡ್ ಜೋಡಿ ತಿಂದೆ.

ಬೆಂಗಳೂರಾಗ ರೊಕ್ಕಾ ಸುರುವಿ ಜರ್ಮನ್ ಕಲ್ತೆ ಅಲ್ಲಾ, ಅದು ಆಫೀಸಿನ್ಯಾಗಷ್ಟ ನಡೀತೈತಿ. ಮನಿ ಮಾಲಕಿ ಅಜ್ಜಿ ಬಾಯಿ ತೆಗದ್ರ ಒಂದೂ ತಿಳ್ಯಂಗಿಲ್ಲ. ಪುಸ್ತಕದಾಗ 'ಇಷ್' ಅಂದ್ರ ನಾನು, ಇವರು ಬರೇ 'ಇ' ಅಂತಾರ. 'ಅಲ್ಲ' ಅನ್ನೋ 'ನಿಷ್ಟ್' ಹೋಗಿ 'ನೆಡ್' ಆಗೈತಿ. ಇದಕ್ಕ ಬೈರಿಷ್ ಅಂತಾರ, ಮ್ಯೂನಿಕ್ ಇರೋ ಬವೇರಿಯಾ ರಾಜ್ಯದ ಮಾತು. ಗಡಿ ದಾಟಿ ಆಸ್ಟ್ರಿಯಾದಾಗೂ ಇಂಥದ್ದ ಮಾತಂತ. ಹೊಸಬರು ಸಿಕ್ರ ಅಳಿಲಿನ ಬಾಲಕ್ಕಿರೋ ಶಬ್ದ ಹೇಳಸ್ತಾರ: 'ಓಆಖ್‌ಕಾಟ್ಸಲ್‌ಶ್ವೋಆಫ್'. ನನ್ನ ಕಡೆ ಮೂರು ಸಲ ಹೇಳಿಸಿ, ನಕ್ಕು ನಕ್ಕು ಅಜ್ಜಿಗೆ ಕೆಮ್ಮು ಬಂತು.

ಆಕಿ ಅಡಗಿ ಮಾಡೂ ಮುಂದ ಹಚ್ಚೋದು ಸ್ಪೈಡರ್ ಮರ್ಫಿ ಗ್ಯಾಂಗ್ ಅನ್ನೋ ಬ್ಯಾಂಡಿನ ಹಾಡು. 1977ರಾಗ ಇದ ಊರಾಗ ಕಟ್ಟಿದ್ದು. ಹೆಸರು ಮಾತ್ರ ಅಮೆರಿಕದ್ದು, ಎಲ್ವಿಸ್ ಪ್ರೀಸ್ಲಿ ಹಾಡಿದ 'ಜೇಲ್‌ಹೌಸ್ ರಾಕ್'ನ್ಯಾಗ ಬರೋ ಒಬ್ಬಾಂವಂದು. ಹಾಡೋ ಗುಂಟರ್ ಸಿಗ್ಲ್ ಮೊದಲು ಬ್ಯಾಂಕಿನ್ಯಾಗ ಕೆಲಸಕ್ಕಿದ್ದ. ಗಿಟಾರು ಪೂರಾ ರಾಕ್ ಎನ್ ರೋಲ್, ಮಾತು ಈ ಅಜ್ಜಿದು.

(ಅವ್ವಗ ಓದಿ ಹೇಳೂ ಮುಂದ ಇದನ್ನ ಬಿಡು.) 1981ರಾಗ ಬಂದ 'ಸ್ಕಾಂಡಾಲ್ ಇಮ್ ಶ್ಪೆರ್‌ಬೆತ್ಸಿರ್ಕ್' ಅವರ ದೊಡ್ಡ ಹಾಡು. ಮ್ಯೂನಿಕ್ ನಡುವೂರಾಗ ಮೈ ಮಾರೂ ಧಂದೆ ಬಂದ್ ಮಾಡಿದ್ರು. ಊರ ಹೊರಗಿನ ರೋಸಿ ಅನ್ನಾಕಿಗೆ ಫೋನ್ ಮ್ಯಾಲ ಫೋನ್ ಅಂತ ಇವರು ಹಾಡು ಕಟ್ಟಿದ್ರು, ಹಾಡಿನ್ಯಾಗ ಆಕಿ ನಂಬರೂ ಐತಿ. ಖರೇನ ಆ ನಂಬರ್ ಇದ್ದವರ ಗತಿ ಏನಾಗಿರಬೇಕು, ನೀನ ಹೇಳು. ಆದ್ರ ಜರ್ಮನಿ ತುಂಬ ಓಡಿದ ಆ ಹಾಡಿನ್ಯಾಗ ಊರ ಮಾತು ಕಡಿಮಿನ. ನನಗ ಹಿಡಿಸಿದ್ದು 'ಶಿಕೆರಿಯಾ'. ಈ ಊರಿನ ಡೌಲಿನ ಮಂದಿನ್ನ ಈ ಊರ ಮಾತಿನ್ಯಾಗ ಛೇಡಿಸೋ ಹಾಡು.

ಬೆಂಗಳೂರಿಗೆ ಹೋದ ಹೊಸದಾಗಿ ನಾ 'ಯಾಕ್ರೀ' ಅಂದ್ರ ರೂಮಿನ ಹುಡುಗರು ಅಣಕಸ್ತಿದ್ರು. ಆರು ತಿಂಗಳದಾಗ ಮಾತು ತಿದ್ದಿಕೊಂಡೆ. ಮನಿಗೆ ಫೋನ್ ಮಾಡಬೇಕಂದ್ರ ಮಾಳಗಿ ಮ್ಯಾಲ ಹೋಗ್ತಿದ್ದೆ. ನಿಮಗ ಯಾರಿಗೂ ಇದನ್ನ ಹೇಳಿದ್ದಿಲ್ಲ. ಅಪ್ಪಗ ಹೇಳಬ್ಯಾಡ, ಬೇಜಾರ ಮಾಡಿಕೊಂತಾನ.

ಮೊನ್ನೆ ಆಫೀಸಿನ್ಯಾಗ ಯಾರೋ ಶಿಕೆರಿಯಾ ಹಚ್ಚಿದ್ರು. ಉತ್ತರ ಜರ್ಮನಿಯ ಹ್ಯಾಂಬರ್ಗ್ ಹುಡುಗ ಒಬ್ಬ ಪಿಳಿಪಿಳಿ ನೋಡಾಕತ್ತಿದ್ದ, ಒಂದು ಸಾಲು ಅವಗ ತಿಳೀಲಿಲ್ಲ. ನಾ ತಿಳಿಸಿ ಹೇಳಿದೆ! ಗದಗಿನಾಂವ ಹ್ಯಾಂಬರ್ಗಿನಾಂವಗ ಜರ್ಮನ್ ಹೇಳಿಕೊಟ್ಟೆ, ನೋಡು.

ಅಳಿಲಿನ ಬಾಲದ ಸೇಡೂ ತೀರಿಸಿಕೊಂಡೆ. ಅಜ್ಜಿಗೆ 'ಅಳ್ಳಿಟ್ಟು' ಅನ್ನು ಅಂದೆ. ಈಗ ಆಕಿ ದಿನಾ ಮುಂಜಾನೆ ಚಹಾ ಕುಡಿಯೂ ಮುಂದ 'ಅಲ್ಲಿತು, ಅಲ್ಲಿತು' ಅಂತಾಳ. ಪಂಚಮಿಗೆ ಅಳ್ಳಿಟ್ಟಿನ ಉಂಡಿ ಕಟ್ಟಿದ್ರ ಈ ಕಡೆ ಬರೋರ ಕೈಯಾಗ ನಾಕು ಕಳಸು. ಹೆಸರು ಸರಿ ಅನ್ನೂಮಟ ಕೊಡಂಗಿಲ್ಲ ಅಂತ ಹೇಳೀನಿ.

ನಿನ್ನ ತಮ್ಮ