ಸೀಸದ ಗೋಡೆ ಏಕೆ ಆಗದು

ಡಾರ್ಮ್‌ಸ್ಟಾಟ್, ಜರ್ಮನಿ

ತೀರ್ಥರೂಪ ಅಪ್ಪಯ್ಯನವರಿಗೆ ಸಾಷ್ಟಾಂಗ ನಮಸ್ಕಾರಗಳು.

ಕೈಗಾದಲ್ಲಿ ದಪ್ಪ ಗೋಡೆ ವಿಕಿರಣವನ್ನು ತಡೆಯುತ್ತದಲ್ಲ, ಗಗನನೌಕೆಗೂ ಸೀಸ ಹೊದಿಸಿದರೆ ಆಗದೇ ಎಂದು ಕೇಳಿದ್ದಿರಿ. ಆಗುವುದಿಲ್ಲ. ತೂಕವೊಂದೇ ಕಾರಣವಲ್ಲ.

ರಿಯಾಕ್ಟರಿನ ಸುತ್ತ ತಡೆಯಬೇಕಾದದ್ದು ಗಾಮಾ ಕಿರಣ, ನ್ಯೂಟ್ರಾನ್. ಬಾಹ್ಯಾಕಾಶದಲ್ಲಿ ನುಗ್ಗಿ ಬರುವುದು ಬೆಳಕಿನ ವೇಗಕ್ಕೆ ಸಮೀಪದ ನ್ಯೂಕ್ಲಿಯಸ್‌ಗಳು, ಅಂದರೆ ಪರಮಾಣುವಿನ ನಡುವಿನ ತಿರುಳುಗಳು. ನೂರರಲ್ಲಿ 85ಕ್ಕೂ ಹೆಚ್ಚು ಪ್ರೋಟಾನ್ (ಹೈಡ್ರೋಜನ್ನಿನ ನ್ಯೂಕ್ಲಿಯಸ್), ಉಳಿದದ್ದರಲ್ಲಿ ಬಹುಪಾಲು ಹೀಲಿಯಂ, ಸುಮಾರು ಒಂದು ಮಾತ್ರ ಕಬ್ಬಿಣದಂಥ ಭಾರದ್ದು. ಹಾವಳಿ ಹೆಚ್ಚು ಆ ಒಂದರದ್ದೇ.

ಅದು ಘಾಸಿ ಮಾಡುವುದು ಜೀವಕೋಶದೊಳಗಿನ ಡಿಎನ್‌ಎಯನ್ನು. ಡಿಎನ್‌ಎ ಎಂದರೆ ಎರಡೆಳೆ ಹೊಸೆದ ಹಗ್ಗ. ಒಂದೆಳೆ ಕಡಿದರೆ ಜೀವಕೋಶ ಇನ್ನೊಂದನ್ನು ನೋಡಿಕೊಂಡು ಸರಿಪಡಿಸಿಕೊಳ್ಳುತ್ತದೆ. ಎರಡೂ ಒಂದೇ ಕಡೆ ಕಡಿದರೆ ತುದಿ ಕೂಡಿಸುವಾಗ ಚೂರು ಬಿಟ್ಟುಹೋಗಬಹುದು, ಬೇರೆ ಹಗ್ಗದ ತುದಿಗೇ ಗಂಟು ಬೀಳಬಹುದು. ಕ್ಯಾನ್ಸರಿಗೆ ದಾರಿಯಾಗುವುದು ಹೀಗೆ.

ಪ್ರಯೋಗಾಲಯದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಜೀವಕೋಶಗಳಿಗೆ ಕಿರಣ ಹಾಯಿಸಿ, ಅರ್ಧ ತಾಸು ಬಿಟ್ಟು, ಕಡಿದ ಜಾಗದ ಗುರುತಿನ ಪ್ರೋಟೀನಿಗೆ ಹೊಳೆಯುವ ಬಣ್ಣ ಹಿಡಿಸುತ್ತಾರೆ. ಎಕ್ಸ್‌-ರೇ ಆದರೆ ಚುಕ್ಕೆಗಳು ರಂಗೋಲಿ ಪುಡಿ ಚೆಲ್ಲಿದ ಹಾಗೆ ಅಲ್ಲಲ್ಲಿ. ಕಬ್ಬಿಣದ ನ್ಯೂಕ್ಲಿಯಸ್ ಓರೆಯಾಗಿ ಹಾದಿದ್ದರೆ ಮಣಿ ಪೋಣಿಸಿದಂತೆ ಒಂದೇ ಗೆರೆ. ಮರುದಿನ ನೋಡಿದರೆ ಎಕ್ಸ್‌-ರೇ ಚುಕ್ಕೆಗಳು ಬಹುತೇಕ ಅಳಿಸಿರುತ್ತವೆ. ಗೆರೆಯಲ್ಲಿ ಇನ್ನೂ ಸಾಕಷ್ಟು ಉಳಿದಿರುತ್ತವೆ. ಒತ್ತೊತ್ತಾಗಿ ಕಡಿದದ್ದು ಸುಲಭಕ್ಕೆ ಕೂಡುವುದಿಲ್ಲ.

ಇಂಥ ಕಣ ಸೀಸಕ್ಕೆ ಬಡಿದರೆ ಸೀಸದ ನ್ಯೂಕ್ಲಿಯಸ್ಸೇ ಒಡೆದು, ನ್ಯೂಟ್ರಾನ್ ಮುಂತಾದ ಚೂರುಗಳು ಒಳಗಿದ್ದವರ ಮೇಲೆ ಬೀಳುತ್ತವೆ. ಅಷ್ಟೇ ತೂಕದ ನೀರು ಅಥವಾ ಪಾಲಿಥೀನ್ ಮೇಲು, ಏಕೆಂದರೆ ಅದರಲ್ಲಿ ಹೈಡ್ರೋಜನ್ ಹೆಚ್ಚು, ಒಂಟಿ ಪ್ರೋಟಾನಿನ ಅದರ ನ್ಯೂಕ್ಲಿಯಸ್ ಹಾಗೆ ಒಡೆದು ಚೂರಾಗದು. ಕಾರವಾರದ ದಂಡೆಯಲ್ಲಿ ನಿಂತವರ ತಲೆಯ ಮೇಲೆ 10 ಮೀಟರ್ ನೀರಿನಷ್ಟು ತೂಕದ ಗಾಳಿ ಇದೆ. ನಮ್ಮನ್ನು ಕಾಯುವುದು ಅದೇ. ಅಷ್ಟನ್ನು ಹೊತ್ತು ಹಾರುವ ನೌಕೆ ಇಲ್ಲ. ಸೌರ ಬಿರುಗಾಳಿಯ ಪ್ರೋಟಾನ್‌ಗಳನ್ನಾದರೆ ತಡೆಯಬಹುದು. ನಾಸಾದ ಓರಾಯನ್ ನೌಕೆಯಲ್ಲಿ ಆಹಾರ, ನೀರು, ಸಾಮಾನಿನ ಚೀಲಗಳನ್ನೇ ಸುತ್ತ ಪೇರಿಸಿಕೊಂಡು ಒಳಗೆ ಕೂರುವ ಏರ್ಪಾಡಿದೆ. 1972ರ ಆಗಸ್ಟಿನ ಸೌರ ಬಿರುಗಾಳಿ ಅಪೋಲೋ 16 ಮತ್ತು 17ರ ನಡುವೆ ಬಂದುಹೋಯಿತು. ಚಂದ್ರನ ಮೇಲೆ ಆಗ ಯಾರೂ ಇರಲಿಲ್ಲ, ಪುಣ್ಯ.

ಲೆಕ್ಕ ಹೀಗಿದೆ. ಕೈಗಾ ನೌಕರರಿಗೆ 5 ವರ್ಷಕ್ಕೆ 100 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ಮಿತಿ. ನಾಸಾ ಗಗನಯಾತ್ರಿಗೆ ವೃತ್ತಿಜೀವನಕ್ಕೆಲ್ಲ ಸೇರಿ 600. ನಾಸಾದ ಕ್ಯೂರಿಯಾಸಿಟಿ ರೋವರ್ ಮಂಗಳಕ್ಕೆ ಹೋಗುವಾಗ ಅಳೆದದ್ದು ದಿನಕ್ಕೆ ಸುಮಾರು 1.8. ಹೋಗಲು 180 ದಿನ, ಬರಲು 180 ದಿನ ಎಂದಿಟ್ಟರೆ ಪ್ರಯಾಣದಲ್ಲೇ ಮಿತಿ ದಾಟಿತು!

ಆಯಿಯ ಕಣ್ಣಿನ ಪೊರೆ ತೆಗೆಸಿದ ಮೇಲೆ ಹನಿ ಔಷಧಿ ತಪ್ಪಿಸಬೇಡಿ. ಗಗನಯಾತ್ರಿಗಳಿಗೂ ಪೊರೆಯ ಕಾಟ ಇದೆ, ವಿಕಿರಣದಿಂದಾಗಿ ಬೇಗನೇ ಬರುತ್ತದೆ. ಮಸೂರದ ಕೆಟ್ಟ ಜೀವಕೋಶಗಳಿಗೆ ಉದುರಿಹೋಗಲು ದಾರಿಯಿಲ್ಲ, ಒಳಗೇ ಉಳಿದು ಮಸುಕಾಗುತ್ತವೆ.

ನಿಮ್ಮ ಮಗಳು